ಪದವಿ ಮನೆಬಾಗಿಲಿಗೆ ಬಂದಾಗ

ಹೋದ ನವರಾತ್ರಿಯಲ್ಲಿ ನಮ್ಮ ಮನೆಗೆ ಬೊಂಬೆ ನೋಡಲು ಬಂದಿದ್ದ ನೆರೆಮನೆಯ ಹೆಣ್ಣುಮಗಳು, ಅರಿಶಿನ ಕುಂಕುಮ ತೆಗೆದುಕೊಂಡು ಹೊರಡುವ ವೇಳೆಗೆ, ಕೈಚೀಲದಿಂದ ಒಂದು ಕರಪತ್ರವನ್ನು ತೆಗೆದು ನನ್ನ ಮುಂದೆ ಹಿಡಿದಳು. ಆಕೆ ಹಾಸನದ ಕಡೆಯವಳು. ಪಿ.ಯು.ಸಿ. ಮುಗಿದ ವರ್ಷವೇ ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದವಳು. ಮಗ ಈಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಮಧ್ಯಾಹ್ನದ ಹೊತ್ತು ಬಿಡುವು ಸಿಕ್ಕುತ್ತದೆ, ನಿಂತುಹೋದ ಓದನ್ನು ಮುಂದುವರಿಸಬೇಕು ಎಂಬುದು ಆಕೆಯ ಬಹುದಿನದ ಹಂಬಲ.

"ಅಕ್ಕಾ, ನೀವು ಆಫೀಸಿನಲ್ಲಿ ಇಂಥದ್ದೆಲ್ಲ ನೋಡ್ತೀರಲ್ಲ, ಇದು ನಿಜವಾ ಹೇಳಿ. ಒಂದೇ ವರ್ಷಕ್ಕೆ ಬಿ.ಎ. ಆಗುತ್ತಂತೆ. ಕನ್ನಡದಲ್ಲೇ ಬರೀಬಹುದಂತೆ. ಪರೀಕ್ಷೇನೂ ಇಲ್ಲೇ ಅಂತೆ" ಎಂದಳು. ಅಲ್ಲಿಗೆ ನಿಲ್ಲಿಸದೆ, ಸ್ವಲ್ಪ ದನಿ ತಗ್ಗಿಸಿ, "ಐದು ಸಾವಿರ ಮುಂಗಡ ಕೊಟ್ಟಿದ್ದೀನಿ. ನಮ್ಮ ಯಜಮಾನ್ರಿಗೆ ಇನ್ನೂ ಹೇಳಿಲ್ಲ" ಎಂದೂ ಸೇರಿಸಿದಳು.

ಕರಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಕರಿಯ ನಿಲುವಂಗಿ ತೊಟ್ಟು ನಗುತ್ತಿರುವ ತರುಣ ತರುಣಿಯರ ಚಿತ್ರ. ಅದರ ಕೆಳಗೆ ಹೆಬ್ಬೆರಳಿನಷ್ಟು ದಪ್ಪದ ಅಂಕೆಗಳಲ್ಲಿ ಒಂದು ಫೋನ್ ನಂಬರು. ಪದವಿ ಕೊಡುವ ವಿಶ್ವವಿದ್ಯಾನಿಲಯದ ಹೆಸರನ್ನು ಹುಡುಕಲು ಮಾತ್ರ ಕನ್ನಡಕ ಹಾಕಿಕೊಳ್ಳಬೇಕಾಯಿತು.

ನಾನು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವವಳು. ಬಡ್ತಿಯ ಕಾಲ ಬಂದಾಗ ನೌಕರರು ತಂದು ಒಪ್ಪಿಸುವ ಪದವಿಪತ್ರಗಳ ನಕಲು ನನ್ನ ಮೇಜಿನ ಮೇಲೆ ಹಾದುಹೋಗುತ್ತದೆ. ಅದನ್ನು ಆಯಾ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗಕ್ಕೆ ಕಳುಹಿಸಿ, 'ಇದು ನೀವೇ ಕೊಟ್ಟದ್ದೆ?' ಎಂದು ಕೇಳಿ ಉತ್ತರ ತರಿಸಿಕೊಳ್ಳುವುದು, ಆ ಸಾಲಿನಲ್ಲಿ ಆ ತರಗತಿಗೆ ಮಾನ್ಯತೆ ಇದ್ದಿತೆ ಎಂದು ಪಟ್ಟಿಯಲ್ಲಿ ನೋಡುವುದು ನನ್ನ ಕೆಲಸ. ಜನರು ಪದವಿಯನ್ನು ಸೇರುವ ದಿನದ ಉತ್ಸಾಹವನ್ನು ಕಾಣುತ್ತಾರೆ. ನಾನು ಹತ್ತು ವರ್ಷದ ಅನಂತರ ಆ ಉತ್ಸಾಹ ಏನಾಯಿತೆಂಬುದನ್ನು ಕಾಣುತ್ತೇನೆ. ಆದುದರಿಂದ, ದೂರಶಿಕ್ಷಣದ ಶಾಲೆಗಳು ವಿದ್ಯಾರ್ಥಿಗಳನ್ನು ಹೇಗೆ ತಮ್ಮತ್ತ ಕರೆದುಕೊಳ್ಳುತ್ತವೆ, ಹೊರನಾಡಿನಲ್ಲಿರುವ ನಮ್ಮಂಥ ಕನ್ನಡಿಗರ ಮನೆಗೆ ಆ ಕರೆ ಬಂದಾಗ ಏನನ್ನು ನೋಡಿಕೊಳ್ಳಬೇಕು ಎಂಬುದನ್ನು ಬರೆಯೋಣವೆಂದು ಹೊರಟಿದ್ದೇನೆ.

ಹಿಂದೆ ವಿದ್ಯಾರ್ಥಿಗಳನ್ನು ಕರೆಯುವ ಮಾತೇ ಇರಲಿಲ್ಲ. ಗುರುಗಳ ಹೆಸರು ಕೇಳಿ ವಿದ್ಯಾರ್ಥಿಗಳು ತಾವಾಗಿಯೇ ಬರುತ್ತಿದ್ದರು. ನಮ್ಮ ಊರಿನ ಆಂಧ್ರ ವಿಶ್ವವಿದ್ಯಾನಿಲಯದ ಕಥೆಯನ್ನೇ ನೋಡಿರಿ. ಅದು ಹುಟ್ಟಿದ್ದು 1926ರಲ್ಲಿ, ಇಂದಿನ ವಿಜಯವಾಡವಾದ ಬೆಜವಾಡದಲ್ಲಿ. ನಾಲ್ಕು ವರ್ಷಗಳ ಮೇಲೆ, 1930ರಲ್ಲಿ, ಸಮುದ್ರದಂಡೆಯ ವಾಲ್ತೇರಿಗೆ ಬಂದು ನೆಲೆಸಿತು. ನಮ್ಮ ಸಂಘದ ಸದಸ್ಯರು ಹಂಚಿಕೊಂಡಿರುವ ಎರಡು ಊರುಗಳನ್ನೂ ಕಂಡ ವಿದ್ಯಾಸಂಸ್ಥೆ ಅದು ಎನ್ನಬಹುದು. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರೂ ಪ್ರಿನ್ಸಿಪಾಲರೂ ಆಗಿದ್ದು, ಆ ಸಂಸ್ಥಾನದ ವಿದ್ಯಾ ಇಲಾಖೆಯನ್ನೂ ನಡೆಸಿದವರು. ಅವರ ತರುವಾಯ 1931ರಲ್ಲಿ ಬಂದ ಡಾಕ್ಟರ್ ರಾಧಾಕೃಷ್ಣನ್ನರು 1918ರಿಂದ 1921ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಹೇಳಿದವರು. ಅವರು ಮೈಸೂರನ್ನು ಬಿಟ್ಟು ಕಲ್ಕತ್ತಕ್ಕೆ ಹೊರಟ ದಿನ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ನೊಗಕ್ಕೆ ಹೆಗಲು ಕೊಟ್ಟು ರೈಲ್ವೆ ನಿಲ್ದಾಣದ ವರೆಗೆ ಎಳೆದುಕೊಂಡು ಹೋದರೆಂಬುದನ್ನು ಕೇಳದ ಮೈಸೂರಿಗರು ಯಾರಿದ್ದಾರೆ? ಅಂಥ ಗುರುಗಳು ಇರುವೆಡೆ ಕರಪತ್ರದ ಅಗತ್ಯವೇನಿದೆ!

ಆದರೆ ಅದು ಹಗಲು ಹೊತ್ತು ಕಾಲೇಜಿಗೆ ಹೋಗಬಲ್ಲವರ ಭಾಗ್ಯ. ಹಗಲೆಲ್ಲ ದುಡಿಯುವವರಿಗೆ, ಮನೆ ಬಿಟ್ಟು ಹೊರಡಲಾಗದ ಹೆಂಗಸರಿಗೆ ಬಾಗಿಲು ತೆರೆದದ್ದು ಬಹಳ ತಡವಾಗಿ. 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಹೇಳುವ ಶಾಲೆಯನ್ನು ಆರಂಭಿಸಿತು. ನಮ್ಮ ದೇಶದಲ್ಲಿ ಅದೇ ಮೊದಲು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. 'ತೆರಪು' ಎಂಬ ಆ ಮಾತು ನನಗೆ ಇಂದಿಗೂ ಇಷ್ಟ. ಬಿಡುವಿನ ವೇಳೆಯನ್ನೇ ಪಾಠಶಾಲೆ ಮಾಡಿದ ಹಾಗಿದೆ. 1972ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯವೂ ವಾಲ್ತೇರಿನಲ್ಲಿ ಅಂಥದೊಂದು ಶಾಲೆಯನ್ನು ಪ್ರಾರಂಭಿಸಿತು. ಮುಂದೆ ಅದಕ್ಕೆ ದೂರಶಿಕ್ಷಣ ಶಾಲೆಯೆಂದು ಹೆಸರಾಯಿತು.

ಈ ಶಾಲೆಗಳಿಗೆ ಗುರುಗಳ ಖ್ಯಾತಿ ಸಾಲದು. ವಿದ್ಯಾರ್ಥಿ ಇರುವುದು ಯಾವುದೋ ತಾಲ್ಲೂಕಿನ ಆಸ್ಪತ್ರೆಯಲ್ಲಿ, ಬಸ್ ಡಿಪೋದಲ್ಲಿ, ಅಡಿಗೆಮನೆಯಲ್ಲಿ. ಶಾಲೆಯೇ ಅವನನ್ನು ಹುಡುಕಿಕೊಂಡು ಹೋಗಬೇಕು. ಮೊದಮೊದಲು ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬರುತ್ತಿದ್ದಿತು, ಬ್ಯಾಂಕಿನಲ್ಲಿ ಡಿ.ಡಿ. ತೆಗೆಸಿ, ಸ್ವಂತ ವಿಳಾಸ ಬರೆದ ಲಕೋಟೆಯೊಂದಿಗೆ ಕಳುಹಿಸಿದರೆ ವಿವರಣ ಪುಸ್ತಿಕೆ ಬರುತ್ತಿದ್ದಿತು. ಅನಂತರ ಊರೂರಿನ ಕಾಲೇಜುಗಳಲ್ಲಿ ಅಧ್ಯಯನ ಕೇಂದ್ರಗಳು ತೆರೆದವು. ಕೇಂದ್ರದ ಗೋಡೆಯ ಮೇಲೆ ಒಂದು ಬಟ್ಟೆಯ ಫಲಕ, ಭಾನುವಾರ ಪಾಠ ಹೇಳಲು ಆ ಕಾಲೇಜಿನ ಅಧ್ಯಾಪಕರೇ. ಒಬ್ಬ ಕಂಡಕ್ಟರು ಸೇರಿದರೆ ಅದೇ ಡಿಪೋದಿಂದ ಇನ್ನು ನಾಲ್ವರು ಬರುತ್ತಿದ್ದರು. ಸಂಬಳದ ಚೀಟಿಯಲ್ಲಿ ಬಡ್ತಿಯ ಫಲ ಕಂಡವನ ಮಾತಿಗಿಂತ ದೊಡ್ಡ ಜಾಹೀರಾತು ಯಾವುದು?

ನಾನೂ ಬಿ.ಎ.ಯನ್ನು ಹೀಗೆ ಅಂಚೆಯ ಮೂಲಕವೇ ಪಡೆದವಳು. ನನ್ನನ್ನು ಕರೆದದ್ದು ಪತ್ರಿಕೆಯ ಪ್ರಕಟಣೆಯಲ್ಲ. ನಮ್ಮ ಬೀದಿಯ ಅಂಚೆಯವರು! ಪಕ್ಕದ ಬೀದಿಯ ದಾದಿಯೊಬ್ಬರಿಗೆ ಬರುತ್ತಿದ್ದ ಪುಸ್ತಕದ ಕಟ್ಟನ್ನು ಸೈಕಲ್ಲಿನ ಮೇಲೆ ಹೊತ್ತು ಸೋತಿದ್ದ ಆತ, ಒಂದು ದಿನ ನಮ್ಮ ಜಗಲಿಯಲ್ಲಿ ಕುಳಿತು ನೀರು ಕುಡಿಯುತ್ತ, "ನಿಮ್ಮ ಹುಡುಗಿಯನ್ನೂ ಸೇರಿಸಬಾರದೆ ಸಾರ್, ಹೇಗಿದ್ದರೂ ಈ ಕಡೆಗೆ ಬರುತ್ತಲೇ ಇರುತ್ತೇನೆ" ಎಂದು ನಮ್ಮ ತಂದೆಯವರಿಗೆ ಹೇಳಿದರು. ಭಾನುವಾರದ ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ನಿವೃತ್ತ ಸೈನಿಕರೊಬ್ಬರು. ಇತಿಹಾಸದ ಪಾಠ ಮುಗಿದ ಮೇಲೆ ಮೇಷ್ಟರನ್ನು ಬಿಡದೆ ಪ್ರಶ್ನೆ ಕೇಳುತ್ತಿದ್ದವರು ಅವರೊಬ್ಬರೇ. ದೂರಶಿಕ್ಷಣವೆಂದರೆ ಕೈಲಾಗದವರ ಓದು ಎಂದು ಯಾರಾದರೂ ಮೂಗು ಮುರಿದಾಗ ನನಗೆ ಅವರ ನೆನಪಾಗುತ್ತದೆ.

ತೊಡಕು ಹುಟ್ಟಿದ್ದು ಶಾಲೆಗೂ ವಿದ್ಯಾರ್ಥಿಗೂ ನಡುವೆ ಮೂರನೆಯವನು ಬಂದು ನಿಂತಾಗ. ವಿಶ್ವವಿದ್ಯಾನಿಲಯಗಳಿಗೆ ದೂರಶಿಕ್ಷಣದಿಂದ ಒಳ್ಳೆಯ ವರಮಾನ ಬರುವುದೆಂದು ಕಂಡ ಮೇಲೆ, ಅನೇಕವು ತಮ್ಮ ರಾಜ್ಯವನ್ನು ದಾಟಿ, ದೂರದ ಊರುಗಳಲ್ಲಿ ಖಾಸಗಿಯವರಿಗೆ ಕೇಂದ್ರಗಳನ್ನು ವಹಿಸಿಕೊಟ್ಟವು. ಕೇಂದ್ರದವನಿಗೆ ತಲೆಗೆ ಇಷ್ಟೆಂದು ಪಾಲು. ಪಾಲು ಬರುವುದು ಸೇರಿಸಿದ್ದಕ್ಕೆ, ಕಲಿಸಿದ್ದಕ್ಕಲ್ಲ. ಇದರ ಫಲ ಏನಾಗುವುದೆಂದು ಹೇಳಲು ಅರ್ಥಶಾಸ್ತ್ರ ಓದಬೇಕಾಗಿಲ್ಲ.

ನಮ್ಮ ಮನೆಯಲ್ಲೇ ಒಂದು ಉದಾಹರಣೆಯುಂಟು. ವಿಜಯವಾಡದಲ್ಲಿರುವ ನನ್ನ ಚಿಕ್ಕಪ್ಪನ ಮಗ ಗವರ್ನರ್‌ಪೇಟೆಯ ಕಡೆ ಇದ್ದ ಇಂಥದೊಂದು ಕೇಂದ್ರದಲ್ಲಿ ಹಣ ಕಟ್ಟಿ, ಆಂಧ್ರವೂ ಅಲ್ಲದ ಕರ್ನಾಟಕವೂ ಅಲ್ಲದ ಯಾವುದೋ ದೂರದ ರಾಜ್ಯದ ವಿಶ್ವವಿದ್ಯಾನಿಲಯದ ಪದವಿ ಪಡೆದ. ಓದಿದ್ದು ನಿಜ, ಪರೀಕ್ಷೆ ಬರೆದದ್ದೂ ನಿಜ. ಏಳು ವರ್ಷದ ಮೇಲೆ ಬಡ್ತಿಗೆ ಅರ್ಜಿ ಹಾಕಿದಾಗ, ಆ ವಿಶ್ವವಿದ್ಯಾನಿಲಯಕ್ಕೆ ತನ್ನ ರಾಜ್ಯದಾಚೆ ಕೇಂದ್ರ ನಡೆಸುವ ಅಧಿಕಾರವೇ ಇರಲಿಲ್ಲವೆಂದು ಅವನ ಕಚೇರಿಯವರು ಕಡತವನ್ನು ಹಿಂದಕ್ಕೆ ಕಳುಹಿಸಿದರು. ಅವನು ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ನನ್ನಲ್ಲಿಗೆ ಬಂದು, ಕಾಗದಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ, "ಇದರಲ್ಲಿ ನನ್ನ ತಪ್ಪು ಯಾವುದಕ್ಕಾ, ತೋರಿಸು" ಎಂದ. ತೋರಿಸಲು ನನಗೂ ಸಿಕ್ಕಲಿಲ್ಲ. ಆದರೆ ಕಡತಕ್ಕೆ ಅದು ಲೆಕ್ಕವಿಲ್ಲ.

ಇಷ್ಟೇ ಆಗಿದ್ದರೆ ಪರರ ಮಾತೆಂದು ಬಿಡಬಹುದಾಗಿತ್ತು. ಈ ಬಿರುಗಾಳಿ ಕನ್ನಡಿಗರ ಸ್ವಂತ ಮನೆಯನ್ನೂ ತಟ್ಟಿತು. ಮೈಸೂರಿನ ಅಂಚೆ ತೆರಪಿನ ಶಿಕ್ಷಣ ಸಂಸ್ಥೆಯ ಬೇರಿನಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬೆಳೆದು ಬಂದಿತಷ್ಟೆ. 2012-13ನೆಯ ಸಾಲಿನಿಂದಾಚೆಗೆ ಅದಕ್ಕೆ ಮಾನ್ಯತೆಯಿಲ್ಲವೆಂದು ಯು.ಜಿ.ಸಿ.ಯು 2015ರಲ್ಲಿ ಪ್ರಕಟಣೆ ಹೊರಡಿಸಿತು. ರಾಜ್ಯದ ಗಡಿಯ ಹೊರಗೆ ಕೇಂದ್ರಗಳನ್ನು ನಡೆಸಿದ್ದು ಅದರ ಮೇಲಿದ್ದ ಮುಖ್ಯ ಆಕ್ಷೇಪಗಳಲ್ಲಿ ಒಂದು. ಗಡಿಯೊಳಗೆ ನಿಷ್ಠೆಯಿಂದ ಓದುತ್ತಿದ್ದವರೂ ಕಂಗಾಲಾದರು. 2018ರಲ್ಲಿ ಮಾನ್ಯತೆ ಮರಳಿ ದೊರೆತು ಪ್ರವೇಶಗಳು ಮತ್ತೆ ಆರಂಭವಾದವು. ನಡುವಿನ ವರ್ಷಗಳ ಜನರ ಅಳಲನ್ನು ಮಾತ್ರ ಅವರ ಬಂಧುಗಳನ್ನೇ ಕೇಳಬೇಕು.

ಈ 'ಗಡಿ' ಎಂಬುದು ಹೊರನಾಡ ಕನ್ನಡಿಗರಾದ ನಾವು ಚೆನ್ನಾಗಿ ಅರಿತುಕೊಳ್ಳಬೇಕಾದ ಸಂಗತಿ. ರಾಜ್ಯದ ಕಾಯಿದೆಯಿಂದ ಹುಟ್ಟಿದ ವಿಶ್ವವಿದ್ಯಾನಿಲಯವು ದೂರಶಿಕ್ಷಣದ ಕೇಂದ್ರವನ್ನು ತನ್ನ ರಾಜ್ಯದೊಳಗೇ ನಡೆಸಬೇಕು. ಖಾಸಗಿಯವರಿಗೆ ಗುತ್ತಿಗೆ ಕೊಡುವ ಹಾಗೆಯೇ ಇಲ್ಲ. ಇವು ಯು.ಜಿ.ಸಿ.ಯು 2020ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮಗಳಲ್ಲಿ ಸ್ಪಷ್ಟವಾಗಿಯೇ ಇವೆ. ಎಂದಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಅಧ್ಯಯನ ಕೇಂದ್ರವೆಂದು ಯಾರಾದರೂ ವಿಶಾಖಪಟ್ಟಣದಲ್ಲಿ ಫಲಕ ಹಾಕಿದ್ದರೆ, ಅಲ್ಲಿಯ ಕುರ್ಚಿಯಲ್ಲಿ ಕೂರದೆ ಹಿಂದಿರುಗುವುದೇ ಕ್ಷೇಮ. ಕನ್ನಡದಲ್ಲೇ ಬರೆಯಬೇಕೆಂಬ ಆಸೆಯುಳ್ಳವರು ಕರ್ನಾಟಕದ ಕೇಂದ್ರವೊಂದರಲ್ಲಿ ಹೆಸರು ಹಚ್ಚಿ, ಪರೀಕ್ಷೆಗೆ ಅಲ್ಲಿಗೇ ಹೋಗಿಬರಲು ಸಿದ್ಧರಿರಬೇಕು. ಇಲ್ಲಿಯೇ ಆಗಬೇಕೆಂದರೆ ನಮ್ಮಲ್ಲಿ ಆಂಧ್ರ ವಿಶ್ವವಿದ್ಯಾನಿಲಯವುಂಟು, ವಿಜಯವಾಡದವರಿಗೆ ಗುಂಟೂರಿನ ದಾರಿಯಲ್ಲಿ 1976ರಿಂದ ಇರುವ ನಾಗಾರ್ಜುನ ವಿಶ್ವವಿದ್ಯಾನಿಲಯವುಂಟು. 1985ರಲ್ಲಿ ಸ್ಥಾಪನೆಯಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ರಾಜ್ಯಗಳ ಗಡಿಯ ತಡೆಯಿಲ್ಲ. ವಿಶಾಖಪಟ್ಟಣ, ವಿಜಯವಾಡ ಎರಡರಲ್ಲಿಯೂ ಅದರ ಪ್ರಾದೇಶಿಕ ಕೇಂದ್ರಗಳಿವೆ. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ರೈಲ್ವೆಯವರಿಗೂ ಬ್ಯಾಂಕಿನವರಿಗೂ ಅದು ಬಹಳ ಅನುಕೂಲ. ಇನ್ನು ಪೂರ್ತಿಯಾಗಿ ಆನ್‌ಲೈನಿನಲ್ಲಿ ನಡೆಯುವ ಪದವಿಗಳಿಗೂ ಗಡಿಯ ಕಟ್ಟಿಲ್ಲ. ಆದರೆ ಅವಕ್ಕೆ ಬೇರೆಯದೇ ಅನುಮತಿ ಬೇಕು. ದೂರಶಿಕ್ಷಣಕ್ಕೆ ಅನುಮತಿಯಿದ್ದ ಮಾತ್ರಕ್ಕೆ ಆನ್‌ಲೈನಿಗೂ ಇದೆಯೆಂದಲ್ಲ.

ಹಗಲು ಕಾಲೇಜುಗಳ ವಿಷಯವನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಬೆಂಜ್ ಸರ್ಕಲ್ಲಿನಿಂದ ಗುಂಟೂರಿನ ವರೆಗಿನ ಹೆದ್ದಾರಿಯಲ್ಲಿ ಪ್ರತಿ ಬೇಸಗೆಯೂ ಖಾಸಗಿ ವಿಶ್ವವಿದ್ಯಾನಿಲಯಗಳ ಫಲಕಗಳು ಮರಗಳಿಗಿಂತ ಎತ್ತರವಾಗಿ ನಿಲ್ಲುತ್ತವೆ. ಸರಕಾರಿ ಸೀಟುಗಳಲ್ಲಿ ನೂರಕ್ಕೆ 85 ಸ್ಥಳೀಯರಿಗೆ ಮೀಸಲು. ಅರ್ಹತಾ ಪರೀಕ್ಷೆಯ ವರೆಗೆ ಒಂದೇ ಸಮನೆ ನಾಲ್ಕು ವರ್ಷ ಈ ಪ್ರದೇಶದಲ್ಲಿ ಓದಿದ ಮಕ್ಕಳು ಸ್ಥಳೀಯರೆಂದೇ ಎಣಿಕೆಯಾಗುತ್ತಾರೆ, ಮನೆಮಾತು ಕನ್ನಡವಾದರೇನು ತೆಲುಗಾದರೇನು. ವಿಶಾಖಪಟ್ಟಣವೂ ವಿಜಯವಾಡವೂ ಇದಕ್ಕೆ ಒಂದೇ ಪ್ರದೇಶ. ಹತ್ತನೆಯ ತರಗತಿಯ ಮಧ್ಯದಲ್ಲಿ ಮಕ್ಕಳನ್ನು ಊರಿಗೆ, ಅಜ್ಜಿಯ ಮನೆಗೆ ಕಳುಹಿಸುವ ತಂದೆತಾಯಿಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗ ಕರಪತ್ರಕ್ಕೆ ಬರೋಣ. ಆಕೆಯನ್ನು ಕೂರಿಸಿಕೊಂಡು, ಕೋಸಂಬರಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಸಾಲನ್ನು ಓದಿದೆವು. 'ಒಂದೇ ವರ್ಷದಲ್ಲಿ ಬಿ.ಎ.' ಎಂಬ ಮೊದಲ ಸಾಲೇ ಸುಳ್ಳು. ಬಿ.ಎ.ಗೆ ಸಾಮಾನ್ಯವಾಗಿ ಮೂರು ವರ್ಷ ಬೇಕು, ಕಾಲೇಜಿಗೆ ಹೋದರೂ ಅಷ್ಟೆ, ಮನೆಯಲ್ಲಿ ಓದಿದರೂ ಅಷ್ಟೆ. ಒಂದು ವರ್ಷದಲ್ಲಿ ಕೊಡುವವನು ಹಿಂದಿನ ತಾರೀಕು ಹಾಕಿ ಕೊಡುತ್ತಾನೆಂದೇ ಅರ್ಥ. ಅದು ಪೊಲೀಸರಿಗೆ ಸಂಬಂಧಿಸಿದ ವಿಷಯ. ಎರಡನೆಯ ಸಾಲಿನಲ್ಲಿ ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಇವೂ 'ದೊರೆಯುತ್ತವೆ' ಎಂದಿದ್ದಿತು, ಅಂಗಡಿಯಲ್ಲಿ ಸಾಮಾನು ದೊರೆಯುವ ಹಾಗೆ. ಇವು ಯಾವುವನ್ನೂ ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. ವೈದ್ಯ, ಔಷಧಶಾಸ್ತ್ರ, ವ್ಯವಸಾಯಗಳಿಗೂ ಇದೇ ನಿಷೇಧ.

"ಮತ್ತೆ ಯು.ಜಿ.ಸಿ. ಅಂತ ಬರೆದಿದ್ದಾರಲ್ಲಕ್ಕ?" ಎಂದಳು.

ಬರೆದಿದ್ದರು. ಆದರೆ ಯು.ಜಿ.ಸಿ.ಯ ಮಾನ್ಯತೆ ಎಂಬುದು ಬಾಗಿಲಿಗೆ ಕಟ್ಟಿದ ತೋರಣದಂತೆ ಒಂದು ಸಲ ಕಟ್ಟಿ ಬಿಡುವಂಥದಲ್ಲ. ಯಾವ ವಿಶ್ವವಿದ್ಯಾನಿಲಯ, ಯಾವ ತರಗತಿ, ಯಾವ ವರ್ಷ ಎಂದು ಬೇರೆ ಬೇರೆಯಾಗಿ ಅನುಮತಿಯಿರುತ್ತದೆ. ವರ್ಷಕ್ಕೆ ಎರಡು ಸಲ ಪ್ರವೇಶ: ಮಳೆಗಾಲದಲ್ಲಿ ಒಂದು, ಸಂಕ್ರಾಂತಿಯ ಸುಮಾರಿಗೆ ಒಂದು. ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ತಾಣದಲ್ಲಿ ಈ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಅಂದು ನಾವು ನನ್ನ ಫೋನಿನಲ್ಲೇ ನೋಡಿದೆವು. ಕರಪತ್ರದ ವಿಶ್ವವಿದ್ಯಾನಿಲಯದ ಹೆಸರು ಆ ಸಾಲಿನ ಪಟ್ಟಿಯಲ್ಲಿ ಇರಲೇ ಇಲ್ಲ. ಆಕೆ ಮೂರು ಸಲ ಹುಡುಕಿಸಿದಳು, ಕಾಗುಣಿತ ತಪ್ಪಾಗಿರಬಹುದೆಂದು. ನಾಲ್ಕನೆಯ ಸಲಕ್ಕೆ ಕಣ್ಣಂಚಿನಲ್ಲಿ ನೀರು ಬಂತು. ಹಣಕ್ಕಿಂತ ಹೆಚ್ಚಾಗಿ, ಮೋಸಹೋದೆನಲ್ಲ ಎಂಬ ಅವಮಾನ.

2024ರ ಸೆಪ್ಟೆಂಬರಿನಿಂದ ಇನ್ನೊಂದು ಏರ್ಪಾಡೂ ಬಂದಿದೆ. ದೂರಶಿಕ್ಷಣಕ್ಕಾಗಲಿ ಆನ್‌ಲೈನಿಗಾಗಲಿ ಸೇರುವ ವಿದ್ಯಾರ್ಥಿ ಮೊದಲು ಯು.ಜಿ.ಸಿ.ಯ ತಾಣದಲ್ಲಿ ತಾನೇ ಹೆಸರು ನೋಂದಾಯಿಸಿ, 'ಡೆಬ್ ಐ.ಡಿ.' ಎಂಬ ಸಂಖ್ಯೆಯನ್ನು ಪಡೆದುಕೊಳ್ಳಬೇಕು. ಅದಿಲ್ಲದೆ ಪ್ರವೇಶವಿಲ್ಲ. ಒಂದು ರೀತಿಯಲ್ಲಿ ಇದು ದಳ್ಳಾಳಿಯ ತಲೆಯ ಮೇಲಿಂದ ಹಾಯ್ದು ವಿದ್ಯಾರ್ಥಿಯನ್ನೂ ಶಾಲೆಯನ್ನೂ ಎದುರುಬದುರು ನಿಲ್ಲಿಸುವ ಪ್ರಯತ್ನ. 'ನೀವು ಆಧಾರ್ ನಂಬರು ಕೊಟ್ಟುಬಿಡಿ, ಐ.ಡಿ. ನಾವೇ ಮಾಡಿಕೊಡುತ್ತೇವೆ' ಎನ್ನುವವರು ಈಗಾಗಲೇ ಹುಟ್ಟಿಕೊಂಡಿದ್ದಾರೆಂಬುದು ನಮ್ಮ ದೇಶದ ಚಾತುರ್ಯಕ್ಕೆ ಸಾಕ್ಷಿ. ನಾವೇ ಮಾಡಿಕೊಳ್ಳುವುದು ಕಷ್ಟವಲ್ಲ. ಮನೆಯಲ್ಲಿ ಹೈಸ್ಕೂಲು ಹುಡುಗನೊಬ್ಬನಿದ್ದರೆ ಸಾಕು. ಶುಲ್ಕವನ್ನು ವಿಶ್ವವಿದ್ಯಾನಿಲಯದ ಖಾತೆಗೇ ಕಟ್ಟಬೇಕು, ರಸೀತಿ ಅವರ ಹೆಸರಿನಲ್ಲೇ ಇರಬೇಕು. ಆಕೆಗೆ ಕೇಂದ್ರದವನು ಕೊಟ್ಟಿದ್ದದ್ದು ನೋಟುಪುಸ್ತಕದಿಂದ ಹರಿದ ಅರ್ಧ ಹಾಳೆ.

ಇಷ್ಟನ್ನೆಲ್ಲ ಕೇಳಿ ಯಾರೂ ದೂರಶಿಕ್ಷಣವೆಂದರೆ ಹೆದರಬೇಕಾಗಿಲ್ಲ. ಮಾನ್ಯತೆಯಿರುವ ಕಡೆ ಕ್ರಮವಾಗಿ ಓದಿ ಪಡೆದ ಪದವಿಯು ಕಾಲೇಜಿನ ಪದವಿಗೆ ಸಮಾನವೆಂದು ಯು.ಜಿ.ಸಿ.ಯು 2022ರಲ್ಲಿ ಮತ್ತೊಮ್ಮೆ ತಿಳಿಸಿದೆ. ನನ್ನ ಮೇಜಿನ ಮೇಲೆ ಬರುವ ಅಂಥ ಪದವಿಪತ್ರಗಳು ಒಂದು ಪ್ರಶ್ನೆಯೂ ಇಲ್ಲದೆ ಮುಂದಕ್ಕೆ ಹೋಗುತ್ತವೆ.

ಆಕೆಯ ಯಜಮಾನರಿಗೆ ವಿಷಯವನ್ನು ತಿಳಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಒಳ್ಳೆಯವರು, ಎರಡು ದಿನ ಮೌನವಾಗಿದ್ದು, ಮೂರನೆಯ ದಿನ "ಯಾವುದಾದರೂ ಸರಿಯಾದ್ದಕ್ಕೆ ಸೇರಿಸೋಣ ಬಿಡಿ" ಎಂದರಂತೆ. ಇಲ್ಲಿಯೇ ತೆಲುಗಿನಲ್ಲಿ ಓದಬಹುದೆ ಎಂಬ ಮಾತೂ ನಡೆಯಿತು. ಲಿಪಿ ಹೇಗೂ ಅಕ್ಕತಂಗಿಯರಂತಿದೆ, ಆಕೆ ಪತ್ರಿಕೆಯನ್ನು ಬಿಡಿಸಿ ಬಿಡಿಸಿ ಓದಬಲ್ಲಳು. ಆದರೆ ಮೂರು ಗಂಟೆ ಕುಳಿತು ಉತ್ತರ ಬರೆಯುವುದು ಬೇರೆ ಮಾತು. ಕೊನೆಗೆ ಹಾಸನದ ಕೇಂದ್ರದ ಮೂಲಕ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೇ ಸೇರುವುದೆಂದು ನಿಶ್ಚಯವಾಯಿತು. ಪರೀಕ್ಷೆಗೆ ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ತವರಿಗೆ. ತಾಯಿಗೂ ಮಗಳನ್ನು ನೋಡಿದಂತಾಗುತ್ತದೆ. ಡೆಬ್ ಐ.ಡಿ.ಯನ್ನು ಮಗನೇ ಮಾಡಿಕೊಟ್ಟ, ಅಮ್ಮನ ಫೋಟೋ ಸರಿಯಾಗಿ ಬಂದಿಲ್ಲವೆಂದು ನಾಲ್ಕು ಸಲ ತೆಗೆದ.

ಆ ಐದು ಸಾವಿರವನ್ನು ಕೇಳಲು ನಾವಿಬ್ಬರೂ ಒಂದು ಶನಿವಾರ ದ್ವಾರಕಾನಗರಕ್ಕೆ ಹೋಗಿದ್ದೆವು. ಎರಡನೆಯ ಮಹಡಿಯ ಬಾಗಿಲಿಗೆ ಬೀಗ ಹಾಕಿದ್ದಿತು. ಫಲಕವನ್ನು ಬಿಚ್ಚಿಕೊಂಡು ಹೋಗಿದ್ದರು. ಗೋಡೆಯ ಮೇಲೆ ನಾಲ್ಕು ಮೊಳೆಗಳು ಮಾತ್ರ ಉಳಿದಿದ್ದವು. ಕೆಳಗಿನ ಜೆರಾಕ್ಸ್ ಅಂಗಡಿಯವರು, "ನೀವು ಈ ವಾರ ಬಂದವರಲ್ಲಿ ಆರನೆಯವರು" ಎಂದರು. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಟ್ಟು ಬಂದಿದ್ದೇವೆ. ಆ ಅರ್ಧ ಹಾಳೆಯ ರಸೀತಿಯ ನಕಲನ್ನು ಅದೇ ಜೆರಾಕ್ಸ್ ಅಂಗಡಿಯಲ್ಲೇ ತೆಗೆಸಿದೆವು.